ಈಗ ಯಾರ ಪಾಳಿ?
(ಬೆಳಗಾವಿಯ ಸದಾಶಿವನಗರದ ಪಾಲಕರು ಹಾಗೂ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಭಾಷಣದ ಪಠ್ಯ)



ಪಗಡೆ ಹಾಸಿನ ಸುತ್ತ ಕುಳಿತ ಹಿರಿಯರಿರಲಿ, ಕಟ್ಟೆಯ ಮೇಲೆ ಚೌಕಾಬಾರದ ಮನೆ ಗೀಚಿಕೊಂಡ ಮಕ್ಕಳಿರಲಿ, ಆಟದ ನಡುವೆ ಒಂದು ಪ್ರಶ್ನೆ ಏಳದೇ ಇರುವುದಿಲ್ಲ: 'ಈಗ ಯಾರ ಪಾಳಿ?' ಈ ಭಾಗದ ಕನ್ನಡದಲ್ಲಿ 'ಪಾಳಿ' ಎಂಬ ಮಾತು ಎಲ್ಲೆಡೆ ಸಲ್ಲುತ್ತದೆ. ನಳದ ನೀರಿಗೆ ಪಾಳಿ, ಕಾರ್ಖಾನೆಯ ಕೆಲಸಕ್ಕೆ ಪಾಳಿ, ದವಾಖಾನೆಯಲ್ಲಿ ಡಾಕ್ಟರರನ್ನು ಕಾಣಲು ಪಾಳಿ. ಬದುಕಿನ ಪಾಳಿಗಳಲ್ಲಿ ಬಹಳಷ್ಟು ಬರೀ ಕಾಯುವುದರಲ್ಲೇ ಮುಗಿದುಹೋಗುತ್ತವೆ. ಆಟದ ಪಾಳಿ ಹಾಗಲ್ಲ. ಅದು ಬಂದೇ ಬರುತ್ತದೆ. ಬಂದಾಗ ಎಲ್ಲರೂ ಸುಮ್ಮನೆ ಕುಳಿತು ಆಡುವವನ ಕೈಯನ್ನೇ ನೋಡುತ್ತಾರೆ.

ಗಣಕಯಂತ್ರದ ಲೋಕದಲ್ಲೂ ಇಂಥ ಪಾಳಿ ಆಟಗಳ ಒಂದು ವಂಶವಿದೆ. ಇಂಗ್ಲಿಷ್ ಬಲ್ಲವರು ಅವನ್ನು 'ಟರ್ನ್ ಬೇಸ್ಡ್ ಸ್ಟ್ರಾಟೆಜಿ' ಎನ್ನುತ್ತಾರೆ. ಕೋಟೆ, ಕಂದಕ, ಮಾಂತ್ರಿಕರು, ರೆಕ್ಕೆಯ ಸರ್ಪ, ಅಸ್ಥಿಪಂಜರದ ಸೈನಿಕರು ತುಂಬಿದ ಈ ಕಲ್ಪನಾಲೋಕದಲ್ಲಿ ಆಡುವವನು ರಾಜ, ಸೇನಾಪತಿ, ಕೋಶಾಧಿಕಾರಿ ಎಲ್ಲವೂ ಹೌದು. ಮೂವತ್ತು ವರ್ಷ ದಾಟಿದರೂ ಈ ಆಟಗಳ ಆಕರ್ಷಣೆ ಕುಗ್ಗಿಲ್ಲ. ಅವು ಹುಡುಗರನ್ನು, ಎಷ್ಟೋ ಮನೆಗಳಲ್ಲಿ ಅಪ್ಪಂದಿರನ್ನೂ, ರಾತ್ರಿಯಿಡೀ ಹಿಡಿದು ಕೂರಿಸುವುದಾದರೂ ಹೇಗೆ? ಇದು ಪರದೇಶದಿಂದ ಬಂದ ಹುಚ್ಚೋ, ಈ ನೆಲದಲ್ಲಿ ಮೊದಲೇ ಇದ್ದ ಅಭಿರುಚಿಯ ಹೊಸ ವೇಷವೋ? ಇಂದಿನ ವಿಚಾರ ಇಷ್ಟು.

ಗಡಿಯಾರ ನಿಲ್ಲುವ ಆಟ

ಮೊದಲು ಆಟ ನಡೆಯುವ ಬಗೆ ನೋಡೋಣ. ಈ ವಂಶದ ಬಹು ಪ್ರಸಿದ್ಧ ಆಟ 'ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್'. ಜಾನ್ ವ್ಯಾನ್ ಕ್ಯಾನೆಗೆಮ್ ಎಂಬ ಅಮೆರಿಕನ್ನನ ತಂಡ 1990ರಲ್ಲಿ 'ಕಿಂಗ್ಸ್ ಬೌಂಟಿ' ಎಂಬ ಆಟ ಮಾಡಿತ್ತು. ಅದನ್ನೇ ಬೆಳೆಸಿ 1995ರಲ್ಲಿ 'ಹೀರೋಸ್' ತಂದಿತು. ಸರಣಿಯ ಮೂರನೆಯ ಆಟ 1999ರಲ್ಲಿ ಬಂತು. ಅಭಿಮಾನಿಗಳು ಇಂದಿಗೂ ತಲೆಯ ಮೇಲೆ ಹೊತ್ತು ತಿರುಗುವುದು ಈ ಮೂರನೆಯದನ್ನೇ.

ಆಟ ಶುರುವಾದಾಗ ಆಡುವವನ ಬಳಿ ಇರುವುದು ಒಂದು ಊರು, ಒಬ್ಬ ವೀರ, ಬೆರಳೆಣಿಕೆಯ ಸೈನಿಕರು. ಸುತ್ತಲೂ ನಕ್ಷೆಯೆಲ್ಲ ಕಪ್ಪು. ವೀರ ನಡೆದಂತೆ ಕತ್ತಲೆ ಸರಿಯುತ್ತದೆ. ಗುಡ್ಡ, ಹೊಳೆ, ಗಣಿ, ಕಾವಲು ಕಾಯುವ ರಾಕ್ಷಸ ಕಾಣಿಸುತ್ತವೆ. ಒಂದು ಪಾಳಿ ಎಂದರೆ ಒಂದು ದಿನ. ದಿನಕ್ಕೆ ವೀರ ಇಷ್ಟೇ ದೂರ ನಡೆಯಬಲ್ಲ, ಊರಿನಲ್ಲಿ ಒಂದೇ ಕಟ್ಟಡ ಕಟ್ಟಬಹುದು. ಏಳು ದಿನಕ್ಕೆ ವಾರ. ವಾರ ತಿರುಗಿದಾಗ ಹೊಸ ಸೈನಿಕರು ಸಿಗುತ್ತಾರೆ. ಚಿನ್ನ, ಕಟ್ಟಿಗೆ, ಅದಿರು, ಪಾದರಸ, ಗಂಧಕ, ಸ್ಫಟಿಕ, ರತ್ನ ಎಂದು ಏಳು ಬಗೆಯ ಸಂಪತ್ತು. ಯಾವುದೂ ಸಾಕಾಗುವಷ್ಟು ಇರುವುದಿಲ್ಲ. ಇಂದು ಕೋಟೆ ಕಟ್ಟಿಸಿದರೆ ನಾಳೆ ಸೈನಿಕರಿಗೆ ಕೊಡಲು ಚಿನ್ನವಿಲ್ಲ. ಸೈನಿಕರನ್ನೇ ಕೊಂಡರೆ ಬೋಳು ಊರನ್ನು ವೈರಿ ನುಂಗಿಯಾನು.

ಇಷ್ಟೆಲ್ಲ ಚಿಂತೆಯ ನಡುವೆ ಆಡುವವನಿಗೆ ಒಂದು ದೊಡ್ಡ ಸವಲತ್ತು ಉಂಟು: ಅವನು ಯೋಚಿಸುವಷ್ಟು ಹೊತ್ತು ಲೋಕವೆಲ್ಲ ಸ್ತಬ್ಧ. ಇದೇ ಆಟದ ಜೀವಾಳ. 1997ರಲ್ಲಿ ಬಂದ 'ಏಜ್ ಆಫ್ ಎಂಪೈರ್ಸ್' ಕೂಡ ರಾಜ್ಯ ಕಟ್ಟುವ ಆಟವೇ. ಆದರೆ ಅಲ್ಲಿ ಗಡಿಯಾರ ಓಡುತ್ತಲೇ ಇರುತ್ತದೆ. ಬೆರಳು ಚುರುಕಿದ್ದವನು ಗೆಲ್ಲುತ್ತಾನೆ. ಮೊಬೈಲಿನ ಗುಂಡು ಹಾರಿಸುವ ಆಟಗಳಲ್ಲಂತೂ ಅರೆಕ್ಷಣ ಕಣ್ಣು ಮಿಟುಕಿಸಿದರೆ ಸಾವು. ಪಾಳಿ ಆಟದಲ್ಲಿ ಬೆರಳಿಗೆ ಅವಸರವಿಲ್ಲ. ಅರವತ್ತರ ಅಜ್ಜನೂ ಹದಿನಾರರ ಮೊಮ್ಮಗನೂ ಸರಿಸಮನಾಗಿ ಕೂರಬಹುದು. ಒಂದೇ ಗಣಕದ ಮುಂದೆ ಕುರ್ಚಿ ಬದಲಿಸುತ್ತಾ ನಾಲ್ಕಾರು ಜನ ಆಡುವ ಏರ್ಪಾಡೂ ಈ ಆಟಗಳಲ್ಲಿದೆ. ಮನೆಯಲ್ಲೊಂದೇ ಗಣಕವಿದ್ದ ಕಾಲಕ್ಕೆ ಅದು ಹೇಳಿಮಾಡಿಸಿದ ಏರ್ಪಾಡಾಗಿತ್ತು. ಒಬ್ಬ ಆಡುವಾಗ ಉಳಿದವರು ಬೆನ್ನು ತಿರುಗಿಸಿ ಕೂರಬೇಕು, ಇಣುಕಿದರೆ ಜಗಳ!

ಚದುರಂಗದ ಮೊಮ್ಮಕ್ಕಳು

ಈ ಆಟಗಳ ಮೂಲಪುರುಷ ಯಾರು ಎಂದು ಕೇಳಿದರೆ ಬೆರಳು ಭಾರತದ ಕಡೆಗೇ ತಿರುಗುತ್ತದೆ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗದ ಸೈನ್ಯವೇ ಚತುರಂಗ. ಅದನ್ನು ಹಾಸಿನ ಮೇಲೆ ಇಳಿಸಿದಾಗ ಎರಡು ಹೊಸ ಸಂಗತಿ ಹುಟ್ಟಿದವು. ಒಂದು, ಒಂದೊಂದು ಕಾಯಿಗೆ ಒಂದೊಂದು ಸ್ವಭಾವ, ಒಂದೊಂದು ನಡೆ. ಎರಡು, ಒಬ್ಬರಾದ ಮೇಲೆ ಒಬ್ಬರು ನಡೆಸಬೇಕೆಂಬ ಕಟ್ಟಳೆ. ಇವತ್ತಿನ ಗಣಕದ ಆಟದಲ್ಲಿ ರೆಕ್ಕೆಯ ಕುದುರೆಗೆ ಒಂದು ಓಟ, ಕಲ್ಲಿನ ಭೂತಕ್ಕೆ ಒಂದು ಓಟ ಎಂದು ಇರುವುದೆಲ್ಲ ಈ ಎರಡು ಸಂಗತಿಗಳ ವಿಸ್ತಾರ.

ಕನ್ನಡ ನಾಡಿಗೂ ಈ ಆಟಕ್ಕೂ ಹಳೆಯ ನಂಟಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ರಚಿಸಿದ. ರಾಜ್ಯಭಾರದಿಂದ ಅಡುಗೆಯವರೆಗೆ ನೂರು ಅಧ್ಯಾಯಗಳ ಈ ವಿಶ್ವಕೋಶದಲ್ಲಿ ಐದು ಭಾಗ. ಕೊನೆಯ ಭಾಗ ಪೂರ್ತಿ ಕ್ರೀಡೆಗೆ ಮೀಸಲು. ಅದರಲ್ಲಿ ಚದುರಂಗವೂ ಇದೆ, ದಾಳದ ಆಟ ಕವಡೆಯ ಆಟಗಳೂ ಇವೆ. ರಾಜನಾದವನು ರಾಜ್ಯ ಗಳಿಸುವುದು, ಉಳಿಸುವುದು ಕಲಿತ ಮೇಲೆ ಸಂತೋಷಪಡುವುದನ್ನೂ ಕಲಿಯಬೇಕು ಎಂಬುದು ಆ ಗ್ರಂಥದ ಏರ್ಪಾಟಿನಲ್ಲೇ ಕಾಣುತ್ತದೆ. ಆಟ ಹೊತ್ತುಗಳೆಯುವವರ ಚಾಳಿ ಎಂದು ಆ ದೊರೆ ಬಗೆದಿರಲಿಲ್ಲ.

ಅದಕ್ಕೂ ಒಂದು ಶತಮಾನ ಹಿಂದೆ, ಸುಮಾರು 1030ರಲ್ಲಿ, ಭಾರತದ ಬಗ್ಗೆ ಬರೆದ ಅಲ್ ಬೆರೂನಿ ನಾಲ್ವರು ಕೂತು ದಾಳ ಹಾಕಿ ಆಡುವ ಚದುರಂಗವನ್ನು ವರ್ಣಿಸಿದ್ದಾನೆ. ಯುಕ್ತಿಯ ಜೊತೆಗೆ ಅದೃಷ್ಟ, ಇಬ್ಬರ ಬದಲು ನಾಲ್ವರು! ಈಗಿನ ಗಣಕದಾಟಗಳ ಚಹರೆ ಅಲ್ಲೇ ಇದೆ ಎನ್ನಬಹುದು.

ಚದುರಂಗ ಪಶ್ಚಿಮಕ್ಕೆ ಹೋಗಿ ಯುರೋಪಿನಲ್ಲಿ ಬೇರೆ ರೂಪ ತಾಳಿತು. ಜರ್ಮನಿಯ ಬ್ರನ್ಸ್‌ವಿಕ್‌ನಲ್ಲಿ ಹೆಲ್ವಿಗ್ ಎಂಬ ಗಣಿತದ ಮೇಷ್ಟ್ರು 1780ರಲ್ಲಿ ಚದುರಂಗದ ಮನೆಗಳನ್ನು ಸಾವಿರಕ್ಕೂ ಮೀರಿ ಹೆಚ್ಚಿಸಿದ. ಮನೆಗಳಿಗೆ ಬಣ್ಣ ಬಳಿದು ಇದು ಗುಡ್ಡ, ಇದು ಜವುಗು, ಇದು ಹೊಳೆ ಎಂದ. ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಮನೆಗಳನ್ನೇ ತೆಗೆದುಹಾಕಿ ನಿಜವಾದ ಭೂಪಟದ ಮೇಲೆ ಆಡುವ ಯುದ್ಧದಾಟ ಪ್ರಕಟಿಸಿದ. ದಾಳ ಬಂತು, ನಡುವೆ ಪಂಚನೊಬ್ಬ ಬಂದ, ವೈರಿಯ ಪಡೆ ಕಣ್ಣಿಗೆ ಕಾಣದಂತೆ ಮುಚ್ಚಿಡುವ ಪದ್ಧತಿಯೂ ಬಂತು. ಪ್ರಷ್ಯಾದ ಸೈನ್ಯ ಇದನ್ನು ಅಧಿಕಾರಿಗಳ ತರಬೇತಿಗೆ ಬಳಸಿತು. ಗಣಕದ ನಕ್ಷೆಯ ಮೇಲಿನ ಕಪ್ಪು ಮುಸುಕಿನ ಹಿಂದೆ ಆ ತರಬೇತಿ ಕೋಣೆಯ ನೆರಳಿದೆ.

ಇಪ್ಪತ್ತನೆಯ ಶತಮಾನದಲ್ಲಿ ಯುದ್ಧದಾಟಕ್ಕೆ ಪುರಾಣದ ಬಣ್ಣ ಬಂತು. 1954-55ರಲ್ಲಿ ಪ್ರಕಟವಾದ ಟೋಲ್ಕಿನ್ನನ 'ಲಾರ್ಡ್ ಆಫ್ ದ ರಿಂಗ್ಸ್' ಕುಬ್ಜರು, ಅರಣ್ಯವಾಸಿಗಳು, ಮಾಂತ್ರಿಕರನ್ನು ಪಾಶ್ಚಾತ್ಯ ಓದುಗರ ಮನೆಮಾತಾಗಿಸಿತು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರತಂದರು. ಯುದ್ಧದಾಟ ಮತ್ತು ಕಟ್ಟುಕಥೆ ಒಂದಾದವು. ಲೆಕ್ಕ ಇಡುವ ಬೇಸರದ ಕೆಲಸವನ್ನು ಗಣಕ ವಹಿಸಿಕೊಂಡಿತು. 1991ರಲ್ಲಿ ಸಿಡ್ ಮೇಯರನ 'ಸಿವಿಲೈಸೇಷನ್' ಬಂತು, 1994ರಲ್ಲಿ ಮಾಂತ್ರಿಕರು ರಾಜ್ಯವಾಳುವ 'ಮಾಸ್ಟರ್ ಆಫ್ ಮ್ಯಾಜಿಕ್' ಬಂತು, ಬೆನ್ನಿಗೇ 'ಹೀರೋಸ್'. ಭಾರತದಿಂದ ಹೊರಟ ಚದುರಂಗ ಸಾವಿರ ವರ್ಷ ಸುತ್ತಾಡಿ ಸಿ.ಡಿ.ಯ ರೂಪದಲ್ಲಿ ತವರಿಗೆ ಮರಳಿತು ಎಂದರೆ ತಪ್ಪಾಗದು.

ರಾಮನ ಹಗಲು, ಕೃಷ್ಣನ ಇರುಳು

ಆದರೆ ಮಾಯಾಲೋಕದ ಬಣ್ಣಕ್ಕಾಗಿ ಟೋಲ್ಕಿನ್ನನವರೆಗೆ ಹೋಗಬೇಕಾದುದೇನೂ ಇಲ್ಲ. ಬೆಳಗಾವಿಯಿಂದ ಹೊರಟು ಅಂಬೋಲಿ ಘಟ್ಟ ಇಳಿದರೆ ಸಾವಂತವಾಡಿ ಸಿಗುತ್ತದೆ. ಕಟ್ಟಿಗೆಯ ಬಣ್ಣದ ಆಟಿಕೆಗಳಿಗೆ ಹೆಸರಾದ ಊರು. ಅಲ್ಲಿಯ ಇನ್ನೊಂದು ಹೆಸರಾಂತ ಸಾಮಗ್ರಿ ಗಂಜೀಫಾ, ಅಂದರೆ ಕೈಯಲ್ಲಿ ಬಣ್ಣ ಬರೆದ ದುಂಡನೆಯ ಎಲೆಗಳು. ನಶಿಸುತ್ತಿದ್ದ ಈ ಕಲೆಗೆ 1970ರ ದಶಕದಲ್ಲಿ ಅಲ್ಲಿಯ ಭೋಸಲೆ ರಾಜಮನೆತನದವರು ಮರುಜೀವ ಕೊಟ್ಟರು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹತ್ತು ಬಣ್ಣ, ಬಣ್ಣಕ್ಕೆ ಹನ್ನೆರಡು ಎಲೆ, ಒಟ್ಟು 120. ಮೀನು, ಆಮೆ, ವರಾಹ, ನರಸಿಂಹ ಎಲ್ಲರೂ ಎಲೆಯ ಮೇಲೆ ಇಳಿದು ಬಂದಿರುತ್ತಾರೆ. ಅರ್ಧದಷ್ಟು ಬಣ್ಣಗಳಲ್ಲಿ ರಾಜ, ಪ್ರಧಾನರ ನಂತರ ಹತ್ತು ದೊಡ್ಡದು, ಇನ್ನರ್ಧದಲ್ಲಿ ಒಂದೇ ದೊಡ್ಡದು! ಇಷ್ಟನ್ನೂ ತಲೆಯಲ್ಲಿ ಇಟ್ಟುಕೊಂಡು ಆಡಬೇಕು.

ಇದರ ಒಂದು ಕಟ್ಟಳೆ ಬಲು ಸೊಗಸು. ಹಗಲಲ್ಲಿ ಆಡಿದರೆ ರಾಮನ ಎಲೆ ಇದ್ದವನು ಆಟ ಆರಂಭಿಸಬೇಕು, ರಾತ್ರಿಯಾದರೆ ಕೃಷ್ಣನ ಎಲೆ ಇದ್ದವನು. ಇಲ್ಲಿ ಹೊರಗಿನ ಹೊತ್ತು ಆಟದೊಳಗೆ ಬಂದು ಕೂಡುತ್ತದೆ.

ಈಗ 2003ರಲ್ಲಿ ಡೇವಿಡ್ ವೈಟ್ ಎಂಬಾತ ಆರಂಭಿಸಿದ 'ಬ್ಯಾಟಲ್ ಫಾರ್ ವೆಸ್ನೋತ್' ಎಂಬ ಗಣಕದಾಟ ನೋಡಿ. ಅದು ಯಾರು ಬೇಕಾದರೂ ಪುಕ್ಕಟೆಯಾಗಿ ಆಡಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶ. ಅದರಲ್ಲೂ ಹಗಲು ರಾತ್ರಿಗಳಿವೆ. ಧರ್ಮದ ಕಡೆಯ ಸೈನಿಕರಿಗೆ ಹಗಲಲ್ಲಿ ಶೇ 25ರಷ್ಟು ಹೆಚ್ಚು ಬಲ, ರಾತ್ರಿ ಅಷ್ಟೇ ಕಡಿಮೆ. ಅಸ್ಥಿಪಂಜರ, ರಾಕ್ಷಸರಿಗೆ ಇದರ ತಿರುಗುಮುರುಗು. ಆದ್ದರಿಂದ ಜಾಣ ಆಟಗಾರ ಸಂಜೆಯಾಗುತ್ತಲೇ ಪಡೆಯನ್ನು ಹಿಂದಕ್ಕೆ ಸರಿಸಿ, ಬೆಳಗಾಗುವವರೆಗೆ ಹಳ್ಳಿಗಳಲ್ಲಿ ನಿಲ್ಲಿಸುತ್ತಾನೆ. ಇರುಳಾದಂತೆ ರಾಕ್ಷಸರ ಬಲ ಹೆಚ್ಚುತ್ತದೆ ಎಂಬುದು ರಾಮಾಯಣ, ಮಹಾಭಾರತ ಕೇಳಿದ ಯಾವ ಅಜ್ಜಿಗೆ ಗೊತ್ತಿಲ್ಲ? ಘಟೋತ್ಕಚ ಮೆರೆದದ್ದೂ ಕುರುಕ್ಷೇತ್ರದ ರಾತ್ರಿಯ ಕಾಳಗದಲ್ಲೇ. ಪರದೇಶದ ಆಟ ಈ ಕಡೆಯ ಹುಡುಗನಿಗೆ ಪರಕೀಯ ಎನಿಸದಿರಲು ಇದೂ ಒಂದು ಕಾರಣ. ಅಸ್ತ್ರಕ್ಕೆ ಪ್ರತ್ಯಸ್ತ್ರ, ವರಕ್ಕೊಂದು ಮಿತಿ, ಮಾಯೆಗೊಂದು ಬೆಲೆ ಎಂಬ ಲೆಕ್ಕ ಅವನಿಗೆ ಬಯಲಾಟ, ಅಮರ ಚಿತ್ರಕಥೆಗಳಿಂದಲೇ ಪರಿಚಿತ.

ದೆವ್ವ, ಭೂತಗಳ ಆಟ ಆಡಿದರೆ ಮಕ್ಕಳಲ್ಲಿ ಮೂಢನಂಬಿಕೆ ಬೆಳೆಯದೇ ಎಂದು ಕೆಲವರು ಕೇಳುತ್ತಾರೆ. ಸದಾಶಿವನಗರದವರಿಗೆ ಈ ಪ್ರಶ್ನೆ ಹೊಸದಲ್ಲ. ಇಲ್ಲಿಯ ಸ್ಮಶಾನದಲ್ಲಿ 2014ರ ಡಿಸೆಂಬರ್ 6ರಂದು, ಅಂಬೇಡ್ಕರ್ ಪರಿನಿರ್ವಾಣದ ದಿನ, ಆಗ ಸಚಿವರಾಗಿದ್ದ ಸತೀಶ ಜಾರಕಿಹೊಳಿ ಅವರು ಜನರೊಂದಿಗೆ ಊಟ ಮಾಡಿ ರಾತ್ರಿ ಕಳೆದರು. ಮಾನವ ಬಂಧುತ್ವ ವೇದಿಕೆಯ ಈ ಕಾರ್ಯಕ್ರಮ ನಂತರದ ವರ್ಷಗಳಲ್ಲೂ ನಡೆಯಿತು. ಸ್ಮಶಾನದ ಭಯ ಕಳೆಯಲು ಅವರು ಹಿಡಿದ ದಾರಿ ಅದು. ಆಟದ್ದು ಬೇರೆ ದಾರಿ. ಅಲ್ಲಿ ಭೂತಕ್ಕೂ ಇಷ್ಟು ಆಯುಸ್ಸು, ಇಷ್ಟು ಪೆಟ್ಟು, ಇಷ್ಟು ನಡೆ ಎಂದು ಅಂಕಿಗಳಿರುತ್ತವೆ. ಅಂಕಿ ಗೊತ್ತಾದ ಭೂತಕ್ಕೆ ಹೆದರುವವರು ಯಾರು? ಕಥೆಯನ್ನು ಕಥೆ ಎಂದು ತಿಳಿದು ಸವಿಯುವುದು ಬೇರೆ, ನಿಜವೆಂದು ನಂಬಿ ನಡುಗುವುದು ಬೇರೆ. ಮಕ್ಕಳು ಸಾಮಾನ್ಯವಾಗಿ ಈ ವ್ಯತ್ಯಾಸವನ್ನು ದೊಡ್ಡವರಿಗಿಂತ ಚೆನ್ನಾಗಿ ಬಲ್ಲರು.

ಅಧಿಕಾರವಿಲ್ಲದ ಅರಸನ ಆಟಗಳು

ಕನ್ನಡ ನಾಡಿನಲ್ಲಿ ಆಟದ ಆಕರ್ಷಣೆಯನ್ನು ಅರಿಯಲು ಒಬ್ಬ ವ್ಯಕ್ತಿಯ ಬದುಕನ್ನು ನೋಡಬೇಕೆಂದರೆ ಅದು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರದು. 1794ರಲ್ಲಿ ಜನನ. ಟಿಪ್ಪು ಮಡಿದ ಮೇಲೆ 1799ರಲ್ಲಿ ಐದು ವರ್ಷದ ಬಾಲಕನಿಗೆ ಪಟ್ಟ. 1831ರಲ್ಲಿ, ನಗರದ ರೈತರ ದಂಗೆಯ ಬಳಿಕ, ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅರಮನೆ ಉಳಿಯಿತು, ಬಿರುದು ಉಳಿಯಿತು, ಅಧಿಕಾರ ಮಾತ್ರ ಹೋಯಿತು. ರಾಜ್ಯ ಮರಳಿ ಕೊಡಿರೆಂದು ಅವರು ದಶಕಗಟ್ಟಲೆ ಬರೆದುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅದು ಕೈಗೂಡಲಿಲ್ಲ. ಆಡಳಿತ ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ.

ಈ ಅರಸರು ಆಟಗಳ ಮಹಾಪ್ರೇಮಿ. ಅವರ ಹೆಸರಿನ 'ಶ್ರೀತತ್ತ್ವನಿಧಿ' ಎಂಬ ಸಚಿತ್ರ ಬೃಹದ್ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ, ಆಟಗಳಿಗೆ ಮೀಸಲಾದ ಭಾಗ. ಸಾಮಾನ್ಯ ಗಂಜೀಫಾ ಸಾಲದೆಂದು ಅವರು 'ಛದ' ಗಂಜೀಫಾ ಎಂಬ ಹೊಸ ಆಟಗಳ ಸಾಲನ್ನೇ ರೂಪಿಸಿದರು. ಬಣ್ಣಕ್ಕೆ ಹನ್ನೆರಡು ಅಂಕಿಯ ಎಲೆ, ಆರು ಆಸ್ಥಾನದ ಎಲೆ. ಕೆಲವು ಆಟಗಳಲ್ಲಿ ಹದಿನೆಂಟರವರೆಗೆ ಬಣ್ಣಗಳು, ಒಂದು ಕಟ್ಟಿನಲ್ಲಿ 360ರವರೆಗೆ ಎಲೆಗಳು! ಇಸ್ಪೀಟಿನ 52 ಎಲೆ ನೆನಪಿಡಲಾಗದೆ ಒದ್ದಾಡುವವರು ಊಹಿಸಿಕೊಳ್ಳಲಿ. ಈ ಆಟಗಳು ಅರಮನೆಯಾಚೆ ಹಬ್ಬಲಿಲ್ಲ. ಆದರೆ ಮೈಸೂರು ಗಂಜೀಫಾ ಚಿತ್ರಕಲೆ ಉಳಿಯಿತು. ನಮ್ಮ ಕಾಲದಲ್ಲಿ ಕಲಾವಿದ ರಘುಪತಿ ಭಟ್ಟರು ಅದಕ್ಕೆ ಮತ್ತೆ ಹೆಸರು ತಂದುಕೊಟ್ಟರು.

ಚದುರಂಗದ ಕುದುರೆಯ ನಡೆಯಲ್ಲೂ ಮುಮ್ಮಡಿಯವರಿಗೆ ಅಪಾರ ಆಸಕ್ತಿ. ಹಾಸಿನ 64 ಮನೆಗಳಲ್ಲಿ ಒಂದನ್ನೂ ಬಿಡದೆ, ಯಾವುದಕ್ಕೂ ಎರಡು ಸಲ ಹೋಗದೆ ಕುದುರೆಯನ್ನು ಓಡಿಸುವ ಸಮಸ್ಯೆಗೆ ಅವರು ಹಲವು ಪರಿಹಾರ ಕಟ್ಟಿದರು. ಹೆಜ್ಜೆಗಳಿಗೆ ಒಂದರಿಂದ 64ರವರೆಗೆ ಅಂಕಿ ಹಾಕಿದರೆ ಪ್ರತಿ ಅಡ್ಡಸಾಲು, ಕಂಬಸಾಲಿನ ಮೊತ್ತ 260 ಬರುವಂಥ ಮಾಯಾಚೌಕಗಳೂ ಅವುಗಳಲ್ಲಿವೆ. ಬರೀ ಕಾಲಹರಣಕ್ಕೆ ಕೂತವರಿಂದ ಆಗುವ ಕೆಲಸವಲ್ಲ ಇದು.

ರಾಜ್ಯ ಹೋದದ್ದರಿಂದಲೇ ಅವರು ಆಟ ಹಿಡಿದರು ಎಂದರೆ ಆ ವಿದ್ವತ್ತಿಗೆ ಅನ್ಯಾಯವಾದೀತು. ಆದರೂ ಒಂದು ಮಾತು ನಿಜ. ಆಳಲು ಹುಟ್ಟಿ, ಆಳುವ ಅಧಿಕಾರ ಕಳೆದುಕೊಂಡವರ ಕೈಯಲ್ಲಿ ಒಂದು ಹಾಸಿತ್ತು. ಅಲ್ಲಿ ಕಮಿಷನರ ಅಪ್ಪಣೆ ಬೇಕಿರಲಿಲ್ಲ. ಕಟ್ಟಳೆ ಎಲ್ಲರಿಗೂ ಒಂದೇ ಆಗಿತ್ತು. ಎದುರಾಳಿ ನಡೆಸಿದ ಮೇಲೆ ತಮ್ಮ ಪಾಳಿ ಬರುತ್ತಿತ್ತು.

ಇಂದಿನ ಹುಡುಗರ ಆಕರ್ಷಣೆಯ ಗುಟ್ಟೂ ಬಹುಶಃ ಇಲ್ಲೇ ಇದೆ. ಬೆಳಗಾವಿಯಲ್ಲಿ ಪದವಿ ಮುಗಿಸಿ ನೇಮಕಾತಿಯ ಪ್ರಕಟಣೆಗೆ, ಪರೀಕ್ಷೆಗೆ, ಫಲಿತಾಂಶಕ್ಕೆ, ಮತ್ತೆ ಮುಂದಿನ ಪ್ರಕಟಣೆಗೆ ವರ್ಷಗಟ್ಟಲೆ ಕಾಯುವ ತರುಣರು ಯಾವ ಓಣಿಯಲ್ಲಿಲ್ಲ? ಅವರು ಮಾಡಿದ ಶ್ರಮಕ್ಕೂ ಸಿಕ್ಕ ಫಲಕ್ಕೂ ತಾಳೆ ಬೀಳುವುದೇ ಇಲ್ಲ. ಆಟದಲ್ಲಿ ಹಾಗಲ್ಲ. ಗಣಿ ಗೆದ್ದರೆ ನಾಳೆ ಬೆಳಗ್ಗೆ ಅದಿರು ಕೈಗೆ ಬರುತ್ತದೆ. ಸೋತರೆ ಏಕೆ ಸೋತೆನೆಂದು ತಿಳಿಯುತ್ತದೆ. ಬಡ ಊರೊಂದು ಮೂರು ತಿಂಗಳಲ್ಲಿ ರಾಜಧಾನಿಯಾಗುತ್ತದೆ. ದುಡಿಮೆಗೆ ತಕ್ಕ ಫಲ ಎಂಬ ಮಾತು ನಿಜವಾಗಿರುವ ಒಂದು ಲೋಕ ಅವರಿಗೆ ಪರದೆಯ ಮೇಲಾದರೂ ಸಿಕ್ಕಿದೆ. ಮಗ ಆಟಕ್ಕೆ ಅಂಟಿಕೊಂಡಿದ್ದಾನೆ ಎಂದು ಬೈಯುವ ಮೊದಲು, ಹೊರಗೆ ಅವನ ಪಾಳಿ ಎಷ್ಟು ಸಲ ತಪ್ಪಿದೆ ಎಂದು ಮನೆಯವರು ಒಮ್ಮೆ ಎಣಿಸಿ ನೋಡುವುದು ಒಳ್ಳೆಯದು.

ಇನ್ನೊಂದೇ ಒಂದು ಪಾಳಿ

ಹಾಗೆಂದು ಈ ಆಟಗಳಿಗೆ ಅಪಾಯವೇ ಇಲ್ಲವೆಂದಲ್ಲ. ಇವುಗಳ ಆಟಗಾರರಲ್ಲಿ ಒಂದು ಮಾತು ಜಗತ್ಪ್ರಸಿದ್ಧ: 'ಇನ್ನೊಂದೇ ಒಂದು ಪಾಳಿ'. ರಾತ್ರಿ ಹನ್ನೊಂದಕ್ಕೆ ಹೇಳಿದ ಈ ಮಾತು ನಸುಕಿನ ನಾಲ್ಕಕ್ಕೂ ಮುಗಿದಿರುವುದಿಲ್ಲ. ಇದರ ಯಂತ್ರ ಸರಳ. ಕೋಟೆ ಮುಗಿಯಲು ಒಂದು ದಿನ ಬಾಕಿ, ವಾರ ತಿರುಗಲು ಎರಡು ದಿನ ಬಾಕಿ, ವೀರ ಗಣಿ ತಲುಪಲು ಮೂರು ದಿನ ಬಾಕಿ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಅರ್ಧಕ್ಕೆ ಬಂದಿರುತ್ತದೆ. ಎಲ್ಲ ಒಟ್ಟಿಗೆ ಮುಗಿದು, ಇನ್ನು ಎದ್ದೇಳು ಎನ್ನುವ ಗಳಿಗೆ ಬರುವುದೇ ಇಲ್ಲ. ಕಾಲವನ್ನು ನಿಲ್ಲಿಸುವ ಆಟವೇ ಆಡುವವನ ಕಾಲವನ್ನು ಸದ್ದಿಲ್ಲದೆ ತಿನ್ನುತ್ತದೆ!

ಈ ಅಪಾಯವೂ ಹಳೆಯದೇ. ಪ್ರೇಮಚಂದರ 'ಶತರಂಜ್ ಕೆ ಖಿಲಾಡಿ' ಕಥೆಯಲ್ಲಿ ಲಖನೌದ ಇಬ್ಬರು ಜಹಗೀರದಾರರು ಚದುರಂಗದಲ್ಲಿ ಮುಳುಗಿರುವಾಗ ಅವಧ ರಾಜ್ಯವೇ ಕಂಪನಿಯ ಪಾಲಾಗುತ್ತದೆ. ಸತ್ಯಜಿತ್ ರೇ 1977ರಲ್ಲಿ ಅದನ್ನು ಚಿತ್ರವಾಗಿಸಿದರು. ಧರ್ಮರಾಯನ ಪಗಡೆಯಂತೂ ಮನೆಮನೆಯ ಕಥೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಭೇದ ಕಾಣುತ್ತದೆ. ಲಖನೌದವರು ಕಳೆದುಕೊಂಡದ್ದು ಸಮಯವನ್ನು, ಧರ್ಮರಾಯ ಕಳೆದುಕೊಂಡದ್ದು ಪಣವನ್ನು. ಪಾಲಕರು ಮಕ್ಕಳ ಆಟ ನೋಡುವಾಗಲೂ ಈ ಎರಡು ಪ್ರಶ್ನೆ ಬೇರೆ ಬೇರೆ ಕೇಳಬೇಕು: ಆಟದಲ್ಲಿ ಹಣ ಇದೆಯೇ? ಆಟ ನಿಲ್ಲಿಸಲು ಬರುತ್ತದೆಯೇ?

ಹಣದ ಪ್ರಶ್ನೆಗೆ ಕಾನೂನು ಉತ್ತರ ಹುಡುಕುತ್ತಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹೊಸ ಕಾಯ್ದೆ ಅಂಗೀಕರಿಸಿ, ಪಣದ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆ ಮತ್ತು ಮನರಂಜನೆಯ ಆಟಗಳನ್ನು ಅವುಗಳಿಂದ ಬೇರೆ ಮಾಡಿತು. 'ಹೀರೋಸ್', 'ವೆಸ್ನೋತ್' ಬಗೆಯ ಆಟಗಳಲ್ಲಿ ಸೋತರೆ ಹೋಗುವುದು ಪರದೆಯ ಮೇಲಿನ ರಾಜ್ಯ ಮಾತ್ರ.

ಎರಡನೆಯ ಪ್ರಶ್ನೆ ಹೆಚ್ಚು ಸೂಕ್ಷ್ಮ. 2019ರಲ್ಲಿ ಬೆಳಗಾವಿ ತಾಲೂಕಿನಲ್ಲೇ, ಮೊಬೈಲ್ ಆಟದ ವಿಷಯಕ್ಕೆ ಜಗಳವಾಗಿ ಮಗನೇ ತಂದೆಯನ್ನು ಕೊಂದ ಸುದ್ದಿ ಇಡೀ ನಾಡನ್ನು ನಡುಗಿಸಿತು. ಅಂಥ ಕೃತ್ಯದ ಕಾರಣವನ್ನೆಲ್ಲ ಒಂದು ಆಟದ ತಲೆಗೆ ಕಟ್ಟಲು ಬರುವುದಿಲ್ಲ. ಅದು ಪಾಳಿ ಆಟವೂ ಅಲ್ಲ. ಆದರೆ ಆ ಸುದ್ದಿ ಓದಿದ ತಾಯಿ ತನ್ನ ಮಗನ ಕೋಣೆಯ ಬಾಗಿಲನ್ನು ಆತಂಕದಿಂದ ನೋಡಿದರೆ ಅದನ್ನು ಅಜ್ಞಾನ ಎಂದು ನಗುವಂತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ಗೀಳನ್ನೂ ಸೇರಿಸಿದೆ. ಅದರ ಲಕ್ಷಣಗಳನ್ನು ಗಮನಿಸಿ: ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲ ಕೆಲಸಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು, ಇದೆಲ್ಲ ಸಾಮಾನ್ಯವಾಗಿ ವರ್ಷದ ಮಟ್ಟಿಗಾದರೂ ಮುಂದುವರಿಯುವುದು. ರಜೆಯಲ್ಲಿ ನಾಲ್ಕು ರಾತ್ರಿ ನಿದ್ದೆಗೆಟ್ಟವನೆಲ್ಲ ರೋಗಿಯಲ್ಲ. ಊಟ, ಓದು, ಗೆಳೆತನ ಒಂದೊಂದಾಗಿ ಬಿಟ್ಟವನನ್ನು ಮಾತ್ರ ಹಗುರವಾಗಿ ಕಾಣಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಿಂದಲೇ ಇದಕ್ಕಾಗಿ 'ಶಟ್' ಎಂಬ ಪ್ರತ್ಯೇಕ ಚಿಕಿತ್ಸಾ ವಿಭಾಗ ನಡೆಸುತ್ತಿದೆ.

ಇಲ್ಲಿ ಪಾಳಿ ಆಟಗಳಿಗೆ ಒಂದು ಅನುಕೂಲವಿದೆ. ಓಡುವ ಆಟದ ನಡುವೆ ಎದ್ದರೆ ಸೋಲು. ಜೊತೆಗಾರರ ಬೈಗುಳ ಬೇರೆ. ಪಾಳಿ ಆಟವನ್ನು ಯಾವ ಗಳಿಗೆಯಲ್ಲೂ ಇದ್ದಂತೆಯೇ ಕಾದಿಟ್ಟು ಏಳಬಹುದು. ಆದ್ದರಿಂದ ಊಟಕ್ಕೆ ಕರೆದಾಗ 'ತಕ್ಷಣ ಬಂದ್ ಮಾಡು' ಎನ್ನುವ ಬದಲು 'ಈ ವಾರ ಮುಗಿಸಿ ಬಾ' ಎಂದು ನೋಡಿ. ಆಟದ ವಾರ, ಕ್ಯಾಲೆಂಡರಿನ ವಾರವಲ್ಲ! ಆಟದ ಲೆಕ್ಕ ಗೊತ್ತಿರುವ ಪಾಲಕರ ಮಾತಿಗೆ ತೂಕ ಹೆಚ್ಚು.

ಕಟ್ಟಳೆಯಾಚೆಯ ನಡೆ

ಕೊನೆಗೊಂದು ಮಾತು. ಈ ಆಟಗಳು ತಂತ್ರ ಕಲಿಸುತ್ತವೆ ಎನ್ನುತ್ತಾರೆ. ಎಷ್ಟು ಮಟ್ಟಿಗೆ ಎಂದು ಅರಿಯಲು ಖಾನಾಪುರ ತಾಲೂಕಿನ ನಂದಗಡದವರೆಗೆ ಹೋಗಿಬಂದರೆ ಸಾಕು. ಸಂಗೊಳ್ಳಿ ರಾಯಣ್ಣನಿಗೆ ಕಂಪನಿಯ ಸೈನ್ಯದ ಎದುರು ಬಯಲಲ್ಲಿ ನಿಲ್ಲುವ ಬಲವಿರಲಿಲ್ಲ. ಅವನು ಕಾಡನ್ನು ತನ್ನದಾಗಿಸಿಕೊಂಡ. ರಾತ್ರಿಯನ್ನು ಬಳಸಿದ. ಸರ್ಕಾರಿ ಕಚೇರಿಗಳನ್ನು ಸುಟ್ಟು ಕಣ್ಮರೆಯಾದ. ನೆಲ, ಹೊತ್ತು, ಕಡಿಮೆ ಸಂಪತ್ತು, ಈ ಮೂರನ್ನು ಕೂಡಿಸಿ ಕಳೆಯುವ ಲೆಕ್ಕ ಪಾಳಿ ಆಟ ಆಡಿದ ಹುಡುಗನಿಗೆ ಬೇಗ ಅರ್ಥವಾಗುತ್ತದೆ. ಅಷ್ಟು ಕಲಿಕೆ ಆಟದಿಂದ ಸಾಧ್ಯ.

ಆದರೆ 1830ರಲ್ಲಿ ರಾಯಣ್ಣ ಸಿಕ್ಕಿಬಿದ್ದದ್ದು ತಂತ್ರದ ಸೋಲಿನಿಂದಲ್ಲ, ತನ್ನವರ ದ್ರೋಹದಿಂದ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಮುಮ್ಮಡಿಯವರ ಅಧಿಕಾರ ಹೋದದ್ದೂ ಅದೇ ವರ್ಷ. ಒಬ್ಬ ಮರಣಕ್ಕೆ ಹೋದ, ಇನ್ನೊಬ್ಬರು ಅರಮನೆಯ ಹಾಸಿನ ಮುಂದೆ ಉಳಿದರು. ಹಾಸಿನ ಮೇಲಿನ ಕುದುರೆ ಎಂದೂ ವೈರಿಯ ಲಂಚಕ್ಕೆ ಕೈಯೊಡ್ಡುವುದಿಲ್ಲ. ಸತ್ತ ಕಾಲಾಳಿಗೆ ಅಳುವ ತಾಯಿ ಇರುವುದಿಲ್ಲ. ಕೆಟ್ಟ ನಡೆ ನಡೆಸಿದರೆ ಹಿಂದಿನ ದಿನಕ್ಕೆ ಹೋಗಿ ಮತ್ತೆ ಆಡಬಹುದು. ಆಟದ ಸುಖ ಇರುವುದೇ ಇಲ್ಲಿ, ಅದರ ಮಿತಿ ಇರುವುದೂ ಇಲ್ಲೇ.

ಬೆಳಗಾವಿಯಲ್ಲಿ 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಗಣಕದ ವಿದ್ಯೆ ಬಲ್ಲ ಹುಡುಗ ಹುಡುಗಿಯರಿಗೆ ಕೊರತೆಯಿಲ್ಲ. 'ವೆಸ್ನೋತ್'ನಂಥ ಮುಕ್ತ ಆಟಗಳಲ್ಲಿ ಯಾರು ಬೇಕಾದರೂ ಹೊಸ ಕಥೆ, ಹೊಸ ನಕ್ಷೆ ಬರೆದು ಸೇರಿಸಬಹುದು. ಖಾನಾಪುರದ ಕಾಡು, ಬೆಳಗಾವಿ ಕೋಟೆಯ ಕಂದಕ, ಹಲಸಿಯ ಕದಂಬರು, ಬಯಲಾಟದ ರಾಕ್ಷಸರು ಇವರೆಲ್ಲ ನಕ್ಷೆಯ ಮೇಲೆ ಇಳಿಯಲು ಅಡ್ಡಿಯೇನೂ ಇಲ್ಲ. ಸೋಮೇಶ್ವರ ಬರೆದಿಟ್ಟ, ಮುಮ್ಮಡಿಯವರು ಬೆಳೆಸಿದ ಆಟದ ವಿದ್ಯೆ ಕೊಂಡು ಆಡುವುದರಲ್ಲೇ ನಿಲ್ಲಬೇಕಾಗಿಲ್ಲ. ಕಟ್ಟಿ ಆಡಿಸುವುದೂ ಆಗಬೇಕು. ಆ ನಡೆ ಈಗ ಈ ಊರಿನ ಮಕ್ಕಳ ಪಾಳಿಗೆ ಬಂದಿದೆ.